ಹನ್ನೊಂದನೆಯ ಎಲೆ

ನಮ್ಮ ಮನೆಯಲ್ಲಿ ಎಲೆ ಎಂದರೆ ಊಟದ ಎಲೆ, ವೀಳ್ಯದ ಎಲೆ, ಬಾಗಿಲಿಗೆ ಕಟ್ಟುವ ಮಾವಿನ ಎಲೆ. ಇನ್ನೊಂದು ಬಗೆಯ ಎಲೆಯ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಅಂಥ ಮನೆಯ ಸೊಸೆಯಾದ ನಾನು ನಲವತ್ನಾಲ್ಕನೆಯ ವಯಸ್ಸಿನಲ್ಲಿ ಇಸ್ಪೀಟ್ ಎಲೆ ಕೈಯಲ್ಲಿ ಹಿಡಿದು, "ಒಂದು ಎಲೆ ಮನಸ್ಸಿನಲ್ಲಿ ನೆನೆಸಿಕೊಳ್ಳಿ, ನಾನು ಹೇಳುತ್ತೇನೆ" ಎನ್ನುವ ಜಾದೂಗಾರ್ತಿಯಾದ ಕತೆ ಇದು. ನಗು ಬಂದರೆ ನಕ್ಕುಬಿಡಿ. ನಮ್ಮ ಓಣಿಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಎಲೆಯ ಮೇಲಿನ ಸಿಟ್ಟಿಗೆ ಕಾರಣವಿತ್ತು. ನಾನು ಸುರಪುರದಿಂದ ಶಹಾಪುರಕ್ಕೆ ಸೊಸೆಯಾಗಿ ಬಂದಾಗ ಈ ಮನೆಗೆ ನಾಲ್ಕು ಎಕರೆ ಎರೆ ಹೊಲ ಇತ್ತು. ತೊಗರಿ, ಜೋಳ ಬರುತ್ತಿತ್ತು. ಮೂರು ವರ್ಷದೊಳಗೆ ಹೊಲ ಇರಲಿಲ್ಲ. ಮಾವನವರು ಅಂದರ್-ಬಾಹರ್ ಆಡುತ್ತಿದ್ದರು. ಆ ಆಟ ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ: ಒಂದು ಎಲೆ ತೆರೆದಿಡುತ್ತಾರೆ. ಉಳಿದ ಎಲೆಗಳನ್ನು ಒಂದು ಒಳಗಡೆ, ಒಂದು ಹೊರಗಡೆ ಹಾಕುತ್ತಾ ಹೋಗುತ್ತಾರೆ. ತೆರೆದ ಎಲೆಯ ಜೋಡಿ ಯಾವ ಕಡೆಗೆ ಬೀಳುತ್ತದೆ ಎಂಬುದರ ಮೇಲೆ ದುಡ್ಡು. ಅಷ್ಟೇ! ಅದಕ್ಕೆ ಬುದ್ಧಿ ಬೇಡ, ವಿದ್ಯೆ ಬೇಡ, ಹೊಲ ಇದ್ದರೆ ಸಾಕು. (ಆಮೇಲಾಮೇಲೆ ಹುಡುಗರು ಇದನ್ನೆಲ್ಲ ಮೊಬೈಲಿನಲ್ಲೇ ಮಾಡತೊಡಗಿದರು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ಎಷ್ಟು ಮನೆ ಮುಳುಗಿದ ಮೇಲೋ!)

ಹೊಲದ ಹಿಂದೆ ನನ್ನ ತವರಿನ ಬೋರಮಾಳ ಸರವೂ ಹೋಯಿತು. ಒತ್ತೆ ಇಟ್ಟದ್ದು ತಿರುಗಿ ಬರಲಿಲ್ಲ. ಆ ದಿನ ಅತ್ತೆ ಮಾವನವರ ಅಂಗಿ ಕಿಸೆಯಿಂದ ಎಲೆಕಟ್ಟು ತೆಗೆದು, ಒಂದು ಮಾತೂ ಆಡದೆ ರೊಟ್ಟಿ ಒಲೆಗೆ ಹಾಕಿದರು. ನಾನು ರೊಟ್ಟಿ ಬಡಿಯುತ್ತಾ ಕೂತಿದ್ದೆ. ರಾಜ, ರಾಣಿ, ಗುಲಾಮ ಎಲ್ಲ ಸುರುಳಿ ಸುತ್ತಿ ಸುಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಮಾವನವರು ಆಡಲಿಲ್ಲ. ನಿಜ ಹೇಳಬೇಕೆಂದರೆ ಮಾತನ್ನೂ ಹೆಚ್ಚು ಆಡಲಿಲ್ಲ. ಅತ್ತೆ ತೀರಿಕೊಂಡ ಮೇಲಂತೂ ಪಡಸಾಲೆಯ ಮೂಲೆಯ ಹೊರಸೇ ಅವರ ಲೋಕವಾಯಿತು. ನಮ್ಮನೆಯವರು ತಂದೆಗೆ ಗುಳಿಗೆ ತಂದು ಕೊಡುತ್ತಾರೆ, ಕ್ಷೌರಕ್ಕೆ ಕರೆದೊಯ್ಯುತ್ತಾರೆ. ಆದರೆ ಎದುರು ಕೂತು ಮಾತಾಡಿದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ಕಾಣೆ. ಸಣ್ಣವರಿದ್ದಾಗ ರಾತ್ರಿ ಕಂದೀಲು ಹಿಡಿದು ಹೋಗಿ ಅಪ್ಪನನ್ನು ಆಟದ ಜಾಗದಿಂದ ಎಬ್ಬಿಸಿ ತರುವ ಕೆಲಸ ಅವರದಾಗಿತ್ತಂತೆ. ಒಮ್ಮೆ ಹೇಳಿದ್ದರು, ಮತ್ತೆ ಹೇಳಲಿಲ್ಲ.

ಹೋದ ಶ್ರಾವಣದಲ್ಲಿ ಪಂಚಮಿಗೆ ನನ್ನನ್ನು ಕರೆಯಲು ಅಣ್ಣನ ಮಗ ಬಂದಿದ್ದ. ಗಣಿತದ ಹುಡುಗ, ಬಿ.ಎಡ್. ಓದುತ್ತಿದ್ದಾನೆ. ನಾನು ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದೆ. ಪಡಸಾಲೆಯಲ್ಲಿ ಚರ್ ಚರ್ ಎಂಬ ಸದ್ದು. ಆ ಸದ್ದು ಗೊತ್ತಿರುವವರಿಗೆ ಗೊತ್ತು! ಬೆಲ್ಲ ಹತ್ತಿದ ಕೈಯಲ್ಲೇ ಓಡಿ ಬಂದೆ.

"ಏಯ್, ಈ ಮನ್ಯಾಗ ಎಲಿ ತೆಗೀಬ್ಯಾಡಪ್ಪಾ! ಅಜ್ಜಾರು ಮಲಗ್ಯಾರ."

"ಅತ್ತಿ, ಇದು ಜೂಜು ಅಲ್ರಿ. ಲೆಕ್ಕ. ಪಾಠ ಮಾಡ್ಲಿಕ್ಕೆ ಒಯ್ಯಾಕತ್ತೀನಿ."

"ಲೆಕ್ಕ ಅಂತ ಹೇಳೇ ಹೊಲ ಹೋಗ್ಯದ. ನಡಿ ಹೊರಗ."

ಹುಡುಗ ನಗುತ್ತಾ ಎಲೆಕಟ್ಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದ. ಹಿಂದೆಯೇ ನನ್ನ ಮಗಳೂ ಹೋದಳು. ಒಂಬತ್ತನೆಯ ಇಯತ್ತೆ, ಗಣಿತದ ಪರೀಕ್ಷೆ ಎಂದರೆ ಹಿಂದಿನ ರಾತ್ರಿಯೇ ಹೊಟ್ಟೆನೋವು ಬರುವ ಹುಡುಗಿ. ನಾನು ಕಿಟಕಿಯಲ್ಲಿ ಇಣುಕುತ್ತಾ ನಿಂತೆ. ಅವನು ಎಲೆಗಳನ್ನು ಮೂರು ಸಾಲಾಗಿ ಹಾಕುತ್ತಾನೆ, ಇವಳು ಒಂದು ಸಾಲಿಗೆ ಬೊಟ್ಟು ಮಾಡುತ್ತಾಳೆ. ಮತ್ತೆ ಕೂಡಿಸುತ್ತಾನೆ, ಮತ್ತೆ ಹಾಕುತ್ತಾನೆ. ಹೀಗೆ ಮೂರು ಸಲ. ಕೊನೆಗೆ ಒಂದು ಎಲೆ ತೆಗೆದು ಹಣೆಗೆ ಹಚ್ಚಿಕೊಂಡು, "ಆಟೀನ್ ರಾಣಿ!" ಎಂದ. ಮಗಳು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಕೋಳಿ ಹಾರಿತು.

ನನಗೆ ಅಂದು ನಿದ್ದೆ ಬರಲಿಲ್ಲ ನೋಡಿ. ಹತ್ತನೆಯದರಲ್ಲಿ ಗಣಿತಕ್ಕೆ ನನಗೂ ಒಳ್ಳೆಯ ಅಂಕ ಬಂದಿದ್ದವು. ಮುಂದೆ ಓದಿಸಲಿಲ್ಲ, ಆ ಮಾತು ಬೇರೆ. ಸುರಪುರಕ್ಕೆ ಹೋದ ಮೇಲೆ ಅವನ ಬೆನ್ನು ಹತ್ತಿದೆ. ಒಬ್ಬರು ಜೋಕಾಲಿ ಜೀಕುತ್ತಿದ್ದಾರೆ, ಒಬ್ಬರು ಉಂಡಿ ಹಂಚುತ್ತಿದ್ದಾರೆ, ನಾನು ಮಾತ್ರ "ಹೇಳೋ, ಹೇಳೋ" ಎಂದು ಅವನ ಹಿಂದೆ! ಕೊನೆಗೆ ಅವನು, "ಹ್ಯಾಂಗ ಮಾಡೋದು ಹೇಳ್ತೀನಿ. ಯಾಕ ಹಂಗ ಆಗ್ತದ ಅನ್ನೋದು ನೀವ ಹುಡುಕ್ರಿ" ಎಂದ.

ಮಾಡುವುದು ಹೀಗೆ. ಇಪ್ಪತ್ತೊಂದು ಎಲೆ ಸಾಕು. ನಿಮ್ಮ ಮನೆಯಲ್ಲೂ ಎಲೆಗೆ ಮಡಿ ಇದ್ದರೆ ನನ್ನ ಹಾಗೆ ಮಾಡಿ: ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಇಪ್ಪತ್ತೊಂದು ಚೀಟಿ ಮಾಡಿಕೊಳ್ಳಿ. ನಾನು ಅವುಗಳ ಮೇಲೆ ಜೀರಿಗೆ, ಸಾಸಿವೆ, ಇಂಗು, ಅರಿಷಿಣ, ಗುರೆಳ್ಳು, ಅಗಸಿ, ಪುಟಾಣಿ ಎಂದು ಅಡಿಗೆಮನೆಯ ಡಬ್ಬಿಗಳ ಹೆಸರು ಬರೆದೆ. ಚೀಟಿಗಳನ್ನು ಮುಖ ಮೇಲೆ ಮಾಡಿ ಹಾಕಬೇಕು: ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಮೂರು ಕಂಬ ಸಾಲು, ಒಂದೊಂದರಲ್ಲಿ ಏಳು. ನೋಡುವವರು ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಅದು ಯಾವ ಸಾಲಿನಲ್ಲಿದೆ ಎಂದಷ್ಟೇ ಹೇಳಬೇಕು. ಒಂದೊಂದು ಸಾಲನ್ನೂ ಕ್ರಮ ಕೆಡಿಸದೆ ಎತ್ತಿ, ಅವರು ಹೇಳಿದ ಸಾಲನ್ನು ಉಳಿದೆರಡರ ನಡುವೆ ಇಡಿ. ಕಲಸಬೇಡಿ. ಮತ್ತೆ ಮೇಲಿನಿಂದ ಮೊದಲಿನಂತೆಯೇ ಹಾಕಿ, ಕೇಳಿ, ನಡುವೆ ಇಡಿ. ಮೂರನೆಯ ಸಲವೂ ಹಾಗೆಯೇ. ಈಗ ಮೇಲಿನಿಂದ ಎಣಿಸಿದರೆ ಹನ್ನೊಂದನೆಯದೇ ಅವರು ನೆನೆಸಿದ್ದು.

ಕೇಳಲು ಸುಲಭ. ನಾನು ಅತ್ತಿಗೆಯ ಮುಂದೆ ಮೊದಲ ಸಲ ಮಾಡಿದಾಗ ಏನಾಯಿತು ಗೊತ್ತೇ? ರೊಟ್ಟಿ ಜೋಡಿಸುವ ರೂಢಿಯಲ್ಲಿ, ಒಂದು ಸಾಲಿಗೆ ಏಳನ್ನೂ ಒಮ್ಮೆಲೇ ಹಾಕಿ, ಆಮೇಲೆ ಇನ್ನೊಂದಕ್ಕೆ ಏಳು ಹಾಕುತ್ತಾ ಹೋದೆ. ಅತ್ತಿಗೆ ನೆನೆಸಿದ್ದು ಅರಿಷಿಣ, ನಾನು ಠೀವಿಯಿಂದ ತೆಗೆದದ್ದು ಇಂಗು. "ಇಂಗು ತಿಂದ ಮಂಗ್ಯಾನಂಗ ಆದಿ ನೋಡು!" ಎಂದು ಅತ್ತಿಗೆ ಬಿದ್ದು ಬಿದ್ದು ನಕ್ಕರು. ಆದರೆ ಆ ತಪ್ಪೇ ನನಗೆ ಗುಟ್ಟು ಹೇಳಿಕೊಟ್ಟಿತು. ಏಳನ್ನೂ ಒಮ್ಮೆಲೇ ಹಾಕಿದರೆ ಅದೇ ಏಳು ಚೀಟಿ ಮತ್ತೆ ಮತ್ತೆ ಜೊತೆಯಲ್ಲೇ ಇರುತ್ತವೆ. ಎಷ್ಟು ಸಲ ಕೇಳಿದರೂ ಹೊಸದೇನೂ ತಿಳಿಯುವುದಿಲ್ಲ. ಒಂದೊಂದಾಗಿ ಹಂಚಿದರೆ ಮಾತ್ರ ಅವು ಚದುರುತ್ತವೆ.

ಶಹಾಪುರಕ್ಕೆ ತಿರುಗಿ ಬಂದ ಮೇಲೆ ಮಧ್ಯಾಹ್ನದ ಹೊತ್ತು ಅಡಿಗೆಮನೆಯ ನೆಲದ ಮೇಲೆ ಚೀಟಿ ಹಾಕಿಕೊಂಡು ಕೂತೆ. ಚೀಟಿಯ ಮೂಲೆಗೆ ಪೆನ್ಸಿಲಿನಿಂದ ಒಂದರಿಂದ ಇಪ್ಪತ್ತೊಂದರವರೆಗೆ ಅಂಕಿ ಬರೆದೆ. ಮೊದಲ ಸಲ ನಡುವೆ ಇಟ್ಟಾಗ ನೆನೆಸಿದ ಚೀಟಿ ಎಂಟರಿಂದ ಹದಿನಾಲ್ಕರ ಒಳಗಿರಲೇಬೇಕು. ಅಂದರೆ ಇಪ್ಪತ್ತೊಂದು ಹೋಗಿ ಏಳಾಯಿತು. ಎರಡನೆಯ ಸಲ ಹಾಕಿದಾಗ ಈ ಏಳು ಚೀಟಿ ಮೂರು ಸಾಲಿಗೂ ಎರಡು, ಮೂರು, ಎರಡರಂತೆ ಹಂಚಿಹೋಗುತ್ತವೆ. ಯಾವ ಸಾಲಿಗೆ ಹೋದರೂ ಮೂರನೆಯ, ನಾಲ್ಕನೆಯ, ಐದನೆಯ ಜಾಗದಲ್ಲೇ ಕೂರುತ್ತವೆ. ಅವರು ಹೇಳಿದ ಸಾಲನ್ನು ನಡುವೆ ಇಟ್ಟರೆ ಮೇಲೆ ಏಳು ಚೀಟಿ ಬಂದವು. ನೆನೆಸಿದ್ದು ಈಗ ಹತ್ತು, ಹನ್ನೊಂದು, ಹನ್ನೆರಡರಲ್ಲಿ ಒಂದು. ಮೂರನೆಯ ಸಲ ಹಾಕಿದಾಗ ಆ ಮೂರೂ ಮೂರು ಸಾಲಿಗೆ ಒಂದೊಂದಾಗಿ, ಸರಿಯಾಗಿ ನಾಲ್ಕನೆಯ ಜಾಗಕ್ಕೆ ಬೀಳುತ್ತವೆ. ಏಳರ ಸಾಲಿನಲ್ಲಿ ನಾಲ್ಕನೆಯದು ನಟ್ಟನಡುವಿನದು. ಮೇಲೆ ಒಂದು ಸಾಲು ಏಳು, ತನ್ನ ಸಾಲಿನದು ಮೂರು, ಒಟ್ಟು ಹತ್ತು. ಮುಂದಿನದೇ ಹನ್ನೊಂದು!

ಅದು ಹೊಳೆದಾಗ ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಸೀಯಲಿ ಬಿಡಿ! ಹಿಟ್ಟನ್ನು ಮೂರು ಸಲ ಜರಡಿ ಹಿಡಿದ ಹಾಗೆ ಇದು. ಜಾದೂ ಮಾಡುವವಳು ಏನನ್ನೂ ಹುಡುಕುವುದಿಲ್ಲ, ಮೂರು ಸಲ ಕೇಳುತ್ತಾಳೆ. ನೆನೆಸಿದವರು ತಮಗೇ ತಿಳಿಯದೆ ಮೂರು ಸಲ ಉತ್ತರ ಹೇಳಿಬಿಟ್ಟಿರುತ್ತಾರೆ.

ಫೋನು ಮಾಡಿ ಹೇಳಿದೆ. ಅಣ್ಣನ ಮಗನಿಗೆ ನನಗಿಂತ ಹೆಚ್ಚು ಸಂತೋಷ. 1813ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಜೆರ್ಗೋನ್ ಎಂಬ ಗಣಿತಜ್ಞ ಇದೇ ಆಟವನ್ನು ಇಪ್ಪತ್ತೇಳು ಎಲೆಗಳಲ್ಲಿ ಇಟ್ಟು ಬರೆದನಂತೆ. ಮೂರು ಪ್ರಶ್ನೆ, ಒಂದೊಂದಕ್ಕೆ ಮೂರು ಉತ್ತರ, ಮೂರು ಮೂರಲೆ ಒಂಬತ್ತು, ಒಂಬತ್ತು ಮೂರಲೆ ಇಪ್ಪತ್ತೇಳು. ಹೇಳಿದ ಸಾಲನ್ನು ಮೇಲೆ, ನಡುವೆ, ಕೆಳಗೆ ಎಲ್ಲಿಡಬೇಕೆಂಬ ಲೆಕ್ಕ ಗೊತ್ತಿದ್ದರೆ, ನೆನೆಸಿದ ಎಲೆಯನ್ನು ಅವರು ಕೇಳಿದ ನಂಬರಿಗೇ ತಂದು ನಿಲ್ಲಿಸಬಹುದಂತೆ.

ನಮ್ಮ ಶಕುಂತಲಾ ದೇವಿಯವರ ಕತೆಯೂ ಎಲೆಯಿಂದಲೇ ಸುರುವಾದದ್ದು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆಗೆ ಸರ್ಕಸ್ಸಿನಲ್ಲಿ ಕೆಲಸ. ಮೂರು ವರ್ಷದ ಮಗಳಿಗೆ ಇಸ್ಪೀಟ್ ಎಲೆಯ ಚಮತ್ಕಾರ ಕಲಿಸುತ್ತಿರುವಾಗ ಅವಳ ಅಂಕಿಯ ನೆನಪು ಅವರ ಕಣ್ಣಿಗೆ ಬಿತ್ತಂತೆ. ಅದೇ ಮಗಳು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅಷ್ಟು ದೂರ ಏಕೆ, ನಮ್ಮ ನೆರೆಯ ಮಳಖೇಡವನ್ನೇ ನೋಡಿ. ಅದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲಿ, ನೃಪತುಂಗನ ಆಶ್ರಯದ ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ' ಬರೆದರು. ಅದರಲ್ಲೊಂದು ಲೆಕ್ಕ ನಮಗೆಂದೇ ಬರೆದ ಹಾಗಿದೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಈ ಆರು ರುಚಿಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದು? ಒಂದೊಂದೇ ಆದರೆ 6, ಎರಡೆರಡು ಸೇರಿದರೆ 15, ಮೂರು ಮೂರು 20, ನಾಲ್ಕು ನಾಲ್ಕು 15, ಐದೈದು 6, ಎಲ್ಲ ಸೇರಿ 1. ಒಟ್ಟು 63. ಮಗಳು ಇದನ್ನು ಬೆರಳಲ್ಲಿ ಎಣಿಸಿ, ತಪ್ಪಿ, ಮತ್ತೆ ಬರೆದು ಸರಿ ಮಾಡಿದಳು. ಹೊಟ್ಟೆನೋವು ಬರಲಿಲ್ಲ!

ಇದೆಲ್ಲ ನಡೆಯುವಾಗ ಮೂಲೆಯ ಹೊರಸಿನ ಮೇಲಿದ್ದವರು ಮಲಗಿರಲಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ ಮಾವನವರು ಕರೆದರು. "ಯವ್ವಾ, ಆ ಚೀಟಿ ಆಟ ನನಗೊಂದ್ಸಲ ತೋರ್ಸು."

ತೋರಿಸಿದೆ. ಮೂರನೆಯದರಾಗ, ಒಂದನೆಯದರಾಗ, ನಡುವಿನದರಾಗ ಎಂದು ಮೂರು ಸಲ ಬೆರಳು ಮಾಡಿದರು. ಹನ್ನೊಂದನೆಯದು ತೆಗೆದರೆ ಗುರೆಳ್ಳು. "ಹೂಂ" ಎಂದು ಸುಮ್ಮನೆ ಕೂತರು. ಬಹಳ ಹೊತ್ತಿನ ಮೇಲೆ, "ಮೊನ್ನಿ ಅಂವ ತಂದ ಎಲಿ ಅದಾವೇನು?" ಎಂದರು.

ನನ್ನ ಎದೆ ಝಲ್ಲೆಂದಿತು. ಅಣ್ಣನ ಮಗ ಆ ಕಟ್ಟನ್ನು ನನ್ನ ಮಗಳಿಗೇ ಕೊಟ್ಟು ಹೋಗಿದ್ದ. ಪಾಟೀಚೀಲದ ತಳದಲ್ಲಿತ್ತು. ಇಲ್ಲ ಎಂದುಬಿಡಬಹುದಿತ್ತು. ಏನನ್ನಿಸಿತೋ, ತಂದು ಕೊಟ್ಟೆ. ನೀರಿನ ಲೋಟ ಹಿಡಿದರೆ ನಡುಗುವ ಎಂಬತ್ತರ ಕೈ ಎಲೆ ಮುಟ್ಟಿದ ಕೂಡಲೇ ನಡುಗುವುದನ್ನು ನಿಲ್ಲಿಸಿತು. ಎರಡು ಭಾಗ ಮಾಡಿ ಚರ್ರನೆ ಕಲಸಿದರು, ಕಟ್ ಮಾಡಿದರು, ಮತ್ತೆ ಕಲಸಿದರು. ನೋಡಲು ಚಂದವೇ ಇತ್ತು. ನನಗೆ ಮಾತ್ರ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನನ್ನ ಬೋರಮಾಳ ಹೋದದ್ದು ಆ ಕೈಯಿಂದಲೇ.

"ಐದು ಸಲ ಅಂದರ್ ಬಿತ್ತಂದ್ರ ಆರನೇ ಸಲ ಬಾಹರ್ ಬೀಳಲೇಬೇಕು ಅಂತ ತಿಳಿದಿದ್ದೆ," ಎಂದರು ಎಲೆಗಳನ್ನೇ ನೋಡುತ್ತಾ. "ಒಂದು ವಹಿಯೊಳಗ ಬರದು ಇಡ್ತಿದ್ದೆ. ಅದರಾಗ ಏನೋ ಒಂದು ಲೆಕ್ಕ ಅದ, ಅದು ಸಿಕ್ಕಿತಂದ್ರ ಹೋದದ್ದೆಲ್ಲಾ ತಿರುಗಿ ಬರ್ತದ ಅಂತಿದ್ದೆ. ನಿನ್ನ ಸರಾನೂ ಅದಕ್ಕೇ ಇಟ್ಟೆ."

ಇಪ್ಪತ್ತು ವರ್ಷದಲ್ಲಿ 'ನಿನ್ನ ಸರ' ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಏನು ಹೇಳಬೇಕೋ ತೋಚದೆ ಅಣ್ಣನ ಮಗನಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟು ಕೇಳಿದೆ.

"ಹಂಗಿಲ್ರಿ ಅಜ್ಜಾರ," ಎಂದ ಹುಡುಗ. "ಪ್ರತಿ ಆಟಕ್ಕೂ ಎಲಿ ಕಲಸ್ತಾರಲ್ರಿ. ಕಲಸಿದ ಮ್ಯಾಲ ಎಲಿಗೆ ಹಿಂದಿನದು ಏನೂ ನೆನಪಿರಂಗಿಲ್ಲ. ಐದು ಸಲ ಅಲ್ಲ, ಐವತ್ತು ಸಲ ಅಂದರ್ ಬಿದ್ದಿದ್ರೂ ಮುಂದಿನದು ಮತ್ತ ಹೊಸಾದೇ." ಐವತ್ತೆರಡು ಎಲೆಗಳನ್ನು ಒಂದರ ಮೇಲೊಂದು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಬರೆದರೆ ಆ ಸಂಖ್ಯೆಗೇ 68 ಅಂಕಿ ಬೇಕಂತೆ. ಅದನ್ನು ಯಾವ ವಹಿ ಹಿಡಿದೀತು? ನಮ್ಮ ಚೀಟಿ ಆಟದಲ್ಲಿ ನಡುವೆ ಕಲಸುವುದೇ ಇಲ್ಲ. ಎಲೆಗಳು ಇಟ್ಟ ಕ್ರಮದಲ್ಲೇ ಇರುತ್ತವೆ, ಅದಕ್ಕೇ ಲೆಕ್ಕ ಹತ್ತುತ್ತದೆ.

"ಅಂದ್ರ ಆ ವಹಿ ಸುಳ್ಳು" ಎಂದರು ಮಾವನವರು.

"ಸುಳ್ಳುರಿ ಅಜ್ಜಾರ."

ಆ ಸಂಜೆ ಅವರು ಊಟ ಮಾಡಲಿಲ್ಲ. ಕೇಳಬಾರದಿತ್ತೇನೋ ಎಂದು ನನಗೆ ಕಸಿವಿಸಿ. ಮರುದಿನ ತಾವೇ ಎದ್ದು ಬಂದು, "ನನಗೂ ಕಲಿಸು" ಎಂದು ನೆಲದ ಮೇಲೆ ಕೂತರು.

ಕಲಿಸುವುದು ಸುಲಭವಾಗಲಿಲ್ಲ. ಎಣಿಕೆ ಬರುತ್ತಿತ್ತು, ಸಾಲು ಬರುತ್ತಿತ್ತು. ಆದರೆ ಎಲೆ ಕೂಡಿಸಿದ ಕೂಡಲೇ ಕೈ ತಾನಾಗಿಯೇ ಕಲಸಿಬಿಡುತ್ತಿತ್ತು! ಹಳೆಯ ಚಾಳಿ. "ಕಲಸಬ್ಯಾಡ್ರಿ ಮಾವಾರೆ" ಎಂದು ನಾನು ಹತ್ತು ಸಲವಾದರೂ ಕೈ ಅಡ್ಡ ಹಿಡಿದಿರಬೇಕು. "ತಡಿಯವ್ವಾ, ಕೈ ಕೇಳವಲ್ದು" ಎನ್ನುತ್ತಿದ್ದರು. ನಾಲ್ಕನೆಯ ದಿನಕ್ಕೆ ಕೈ ಕೇಳಿತು.

ಆ ದಿನವೇ ಯಾದಗಿರಿಯ ಬಸ್ಸು ಬೇಗ ಬರಬೇಕೇ? ಕೆಲಸ ಮುಗಿಸಿ ಬಂದ ನಮ್ಮನೆಯವರು ಚಪ್ಪಲಿ ಬಿಡುತ್ತಾ ನೋಡುತ್ತಾರೆ, ಪಡಸಾಲೆಯಲ್ಲಿ ಅಪ್ಪ, ಎದುರಿಗೆ ಮೊಮ್ಮಗಳು, ನಡುವೆ ಇಸ್ಪೀಟ್ ಎಲೆ! ಹೊಸ್ತಿಲಲ್ಲೇ ನಿಂತುಬಿಟ್ಟರು. ಅವರ ಮುಖ ನೋಡಿ ನಾನು ಅಡಿಗೆಮನೆಯ ಬಾಗಿಲಲ್ಲೇ ಕಂಬವಾದೆ. ಒಂದು ಮಾತೂ ಇಲ್ಲ. ಹಿತ್ತಲಿಗೆ ಹೋಗಿ ಕಾಲು ತೊಳೆದರು. ತೊಳೆದೇ ತೊಳೆದರು. ನೀರಿನ ಸದ್ದು ನಿಲ್ಲಲೇ ಇಲ್ಲ. ಒಳಗೆ ಬಂದಾಗ ಮಾವನವರು ತಲೆ ಎತ್ತದೆ ಹೇಳಿದರು:

"ಬಾ, ಕುಂದರು. ಒಂದು ಎಲಿ ನೆನಸ್ಕೋ."

ಮಗಳು ಸರಿದು ಜಾಗ ಮಾಡಿದಳು. ನಮ್ಮನೆಯವರು ಟವಲು ಹೆಗಲಿಗೆ ಹಾಕಿಕೊಂಡು ಕೂತರು. ಮೂರು ಸಲ ಬೊಟ್ಟು ಮಾಡಿದರು. ಮಾವನವರು ನಿಧಾನವಾಗಿ, ಕಲಸದೆ, ತುಟಿ ಅಲುಗಿಸುತ್ತಾ ಹನ್ನೊಂದರವರೆಗೆ ಎಣಿಸಿ ಎಲೆ ಮಗುಚಿದರು. ಕಳಾವರ್ ಗುಲಾಮ.

"ಇದೇ ಏನು?"

"ಹೌದು" ಎಂದರು ನಮ್ಮನೆಯವರು.

ರಾತ್ರಿ ಹಾಸಿಗೆ ಹಾಸುವಾಗ, "ಮೊದಲನೇ ಸಲಾನೇ ಕಳಾವರ್ ಗುಲಾಮ ಎಲ್ಲಿತ್ತು, ನೆನಪದ ಏನು?" ಎಂದು ಸುಮ್ಮನೆ ಕೇಳಿದೆ. ಅವರು ಗೋಡೆ ಕಡೆ ಹೊರಳಿ, "ಯಾವ ಎಲಿ ನೆನಸ್ಲಿ? ಅಪ್ಪನ ಕೈ ನೋಡ್ಕೋತ ಕುಂತಿದ್ದೆ. ಸುಮ್ಮ ಬೊಟ್ಟು ಮಾಡೀನಿ" ಎಂದರು.

ಮಾವನವರಿಗೆ ಇದನ್ನು ನಾನು ಹೇಳಿಲ್ಲ. ನೀವೂ ಹೇಳಬೇಡಿ.

ಎಲೆಕಟ್ಟು ಈಗ ಪಡಸಾಲೆಯ ಗೂಡಿನಲ್ಲಿ, ಗುಳಿಗೆ ಡಬ್ಬಿಯ ಪಕ್ಕದಲ್ಲಿದೆ. ಮಗಳಿಗೆ ಗಣಿತದಲ್ಲಿ ಏಳು ಅಂಕ ಹೆಚ್ಚು ಬಂದಿವೆ, ಅದು ಎಲೆಯಿಂದಲೋ ಹೊಸ ಟೀಚರಿಂದಲೋ ನಾನರಿಯೆ. ಮಾವನವರು ಇಪ್ಪತ್ತೇಳರ ಆಟ ಕಲಿಸೆಂದು ದಿನವೂ ಪೀಡಿಸುತ್ತಾರೆ. ಮೇಲೆ, ನಡುವೆ, ಕೆಳಗೆ ಇಡುವ ಆ ಲೆಕ್ಕ ನನಗೇ ಇನ್ನೂ ಸರಿಯಾಗಿ ಹತ್ತಿಲ್ಲ. ಚೀಟಿಗಳನ್ನು ಮಾತ್ರ ಇಪ್ಪತ್ತೇಳು ಮಾಡಿಟ್ಟಿದ್ದೇನೆ. ಲವಂಗ, ಯಾಲಕ್ಕಿ, ದಾಲ್ಚಿನ್ನಿ, ಕೊಬ್ಬರಿ, ಗಸಗಸೆ, ಮೆಂತ್ಯ ಹೊಸದಾಗಿ ಸೇರಿವೆ. ಅಣ್ಣನ ಮಗ ಮುಂದಿನ ವಾರ ಬರುತ್ತೇನೆಂದಿದ್ದಾನೆ.